ಹಳೆಯ ಆಫ್-ರೋಡ್ ವಾಹನದ ದುರಸ್ತಿ ಮತ್ತು ಪಾಲನೆ: ಮನೆಯ ಗ್ಯಾರೇಜಿಗೆ ಸಮಗ್ರ ಮಾರ್ಗದರ್ಶಿ

ಹಳೆಯ ಫೋರ್-ವೀಲ್-ಡ್ರೈವ್ ವಾಹನವೊಂದು ಮನೆಗೆ ಬಂದ ಕೂಡಲೇ ಹೆಚ್ಚಿನವರ ಕೈ ಸ್ಪ್ಯಾನರಿನತ್ತ ಹೋಗುತ್ತದೆ. ಒಂದೆರಡು ವಾರಗಳಲ್ಲಿ ಬಾಡಿ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ, ಗುರುತಿಲ್ಲದ ಬೋಲ್ಟುಗಳು ಡಬ್ಬಿಗಳಲ್ಲಿ, ಹೀಗೆ ಎಲ್ಲವೂ ಹರಡಿಕೊಂಡಿರುತ್ತದೆ. ಬಿಚ್ಚುವ ಕೆಲಸ ಬೇಗ ಸಾಗುತ್ತದೆ, ಜೋಡಿಸುವ ಕೆಲಸ ಹಾಗೆ ಸಾಗುವುದಿಲ್ಲ. ಅರ್ಧಕ್ಕೇ ನಿಂತುಹೋದ ಹೆಚ್ಚಿನ ವಾಹನಗಳು ನಿಂತಿರುವುದು ಈ ಹಂತದಲ್ಲೇ. ಆದ್ದರಿಂದ ಈ ಮಾರ್ಗದರ್ಶಿ ಬೇರೆಯದೇ ಕ್ರಮವನ್ನು ಅನುಸರಿಸುತ್ತದೆ: ಮೊದಲು ಪರೀಕ್ಷೆ, ಆಮೇಲೆ ಒಂದು ಸಲಕ್ಕೆ ಒಂದೇ ವ್ಯವಸ್ಥೆಯ ದುರಸ್ತಿ, ಅದು ಮುಗಿದು ವಾಹನ ಮತ್ತೆ ತನ್ನ ನಾಲ್ಕು ಚಕ್ರಗಳ ಮೇಲೆ ನಿಂತ ಬಳಿಕವೇ ಮುಂದಿನದು. ಬ್ರೇಕ್ ಮತ್ತು ಸ್ಟೀರಿಂಗ್ ಮೊದಲು, ಬಣ್ಣ ಕೊನೆಗೆ. ಚಾಸಿ ತುಕ್ಕು ಹಿಡಿದು ತೂತುಬಿದ್ದಿದ್ದರೆ ಮಾತ್ರ ಈ ಕ್ರಮವನ್ನು ಬದಲಿಸಿ ಪೂರ್ತಿ ಬಿಚ್ಚಬೇಕಾಗುತ್ತದೆ.

ಇಲ್ಲಿ ಹೇಳುವ ವಿಷಯಗಳು ಏಣಿಯಾಕಾರದ ಉಕ್ಕಿನ ಚಾಸಿ, ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್), ಮುಂದೆ ಹಿಂದೆ ಗಟ್ಟಿ ಆಕ್ಸಲ್, ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಇರುವ ವಾಹನಗಳಿಗೆ ಅನ್ವಯಿಸುತ್ತವೆ. 1941ರಲ್ಲಿ ಉತ್ಪಾದನೆಗೆ ಬಂದ ವಿಲ್ಲೀಸ್ ಎಂಬಿ ಮತ್ತು ಅದರ ಪೀಳಿಗೆಯ ಜೀಪುಗಳು, 1948ರಲ್ಲಿ ಬಂದ ಲ್ಯಾಂಡ್ ರೋವರ್ ಸೀರೀಸ್ ವಾಹನಗಳು, 1960ರ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40 ಇವೆಲ್ಲ ಈ ಮಾದರಿಯವೇ. ಅಳತೆ, ಅಂತರ, ಬಿಗಿತದ ಅಂಕಿಗಳಿಗೆ ಮಾತ್ರ ನಿಮ್ಮ ವಾಹನದ ಮೂಲ ವರ್ಕ್‌ಶಾಪ್ ಕೈಪಿಡಿಯೇ ಕೊನೆಯ ಮಾತು. ಬಿಡಿಭಾಗಕ್ಕಿಂತ ಮೊದಲು ಕೊಳ್ಳಬೇಕಾದದ್ದು ಅದನ್ನೇ.

ಬಿಚ್ಚುವ ಮೊದಲು

ಓಡುವ ಸ್ಥಿತಿಯಲ್ಲಿರುವ ಅಥವಾ ತಳ್ಳಿದರೆ ಉರುಳುವ ವಾಹನ ತನ್ನ ದೋಷಗಳನ್ನು ತಾನೇ ತೋರಿಸುತ್ತದೆ, ಬಿಚ್ಚಿಹಾಕಿದ ವಾಹನ ಏನನ್ನೂ ತೋರಿಸುವುದಿಲ್ಲ. ಹಾಗಾಗಿ ಮೊದಲ ದಿನಗಳನ್ನು ಟಾರ್ಚ್, ಚಿಕ್ಕ ಸುತ್ತಿಗೆ, ಮೊನಚಾದ ಸ್ಕ್ರೂಡ್ರೈವರ್ ಮತ್ತು ಒಂದು ನೋಟ್‌ಪುಸ್ತಕದೊಂದಿಗೆ ವಾಹನದ ಕೆಳಗೆ ಕಳೆಯುವುದು ಒಳ್ಳೆಯದು. ಚಾಸಿಯನ್ನು ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ಲೋಹ ಟಣ್ ಎನ್ನುತ್ತದೆ, ಒಳಗಿನಿಂದ ಕೊಳೆತ ಲೋಹ ಮಂದವಾಗಿ ಸದ್ದು ಮಾಡುತ್ತದೆ. ಕೆಸರು ನಿಂತು ಒಣಗುವ ಜಾಗಗಳಲ್ಲಿ, ಅಂದರೆ ಕಮಾನು ಪಟ್ಟಿಯ ಹ್ಯಾಂಗರುಗಳ ಸುತ್ತ, ಹಿಂದಿನ ಅಡ್ಡತೊಲೆಯಲ್ಲಿ ಮತ್ತು ಬಾಡಿಯನ್ನು ಹೊರುವ ಚಾಚುತೋಳುಗಳಲ್ಲಿ ತುಕ್ಕು ಮೊದಲು ಹಿಡಿಯುತ್ತದೆ. ಲ್ಯಾಂಡ್ ರೋವರಿನ ಅಲ್ಯೂಮಿನಿಯಂ ಮಿಶ್ರಲೋಹದ ಬಾಡಿ ತುಕ್ಕು ಹಿಡಿಯದೆ ಹೊರಗಿನಿಂದ ಚೆನ್ನಾಗಿಯೇ ಕಾಣುವುದರಿಂದ ಅದರ ಕೆಳಗಿನ ಉಕ್ಕಿನ ಚಾಸಿ ಮತ್ತು ಕಾಲಿಡುವ ಜಾಗದ ಬಲ್ಕ್‌ಹೆಡ್ (ಎಂಜಿನ್ ಮತ್ತು ಸೀಟುಗಳ ನಡುವಿನ ತಡೆಗೋಡೆ) ಕೊಳೆತಿರುವುದು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಮಹಾಯುದ್ಧದ ಕಾಲದ ಜೀಪುಗಳಲ್ಲಿ ನೆಲಹಾಸಿನ ಕೆಳಗಿನ ಟೊಳ್ಳು ಪಟ್ಟಿಗಳೊಳಗೆ ಮರದ ತುಂಡುಗಳನ್ನು ಸೇರಿಸಿರುತ್ತಿದ್ದರು. ಆ ಮರ ನೀರು ಹೀರಿಕೊಂಡು ಉಕ್ಕನ್ನು ಒಳಗಿನಿಂದ ತಿಂದಿರುತ್ತದೆ.

ಚಾಸಿ ಚೌಕ ತಪ್ಪಿ ಓರೆಯಾಗಿದೆಯೇ ಎಂದು ತಿಳಿಯಲು ಕರ್ಣಗಳ ಅಳತೆ ಸಾಕು. ಎಡ-ಬಲಗಳಲ್ಲಿ ಸಮಾನ ಸ್ಥಾನದಲ್ಲಿರುವ ನಾಲ್ಕು ರಂಧ್ರಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ವ್ಯತ್ಯಾಸ ಕೆಲವೇ ಮಿಲಿಮೀಟರುಗಳಷ್ಟಿದ್ದರೆ ಚಿಂತೆಯಿಲ್ಲ. ಅದು ಸೆಂಟಿಮೀಟರಿನತ್ತ ಹೋಗುತ್ತಿದ್ದರೆ ಚಾಸಿಯನ್ನು ಅದನ್ನು ನೇರಗೊಳಿಸುವ ಚೌಕಟ್ಟು (ಜಿಗ್‌) ಇರುವ ವೃತ್ತಿಪರರ ಬಳಿಗೆ ಒಯ್ಯಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಡಿಫರೆನ್ಷಿಯಲ್‌ಗಳ (ಒಂದೇ ಆಕ್ಸಲ್ಲಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಎಣ್ಣೆಯನ್ನು ಬೇರೆ ಬೇರೆ ಸ್ವಚ್ಛ ಪಾತ್ರೆಗಳಿಗೆ ಇಳಿಸಿ ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ. ಇದಕ್ಕೊಂದು ನಿಯಮವಿದೆ: ಮೇಲಿನ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೆಂದು ಖಚಿತವಾದ ಮೇಲೆಯೇ ಕೆಳಗಿನ ಪ್ಲಗ್ಗಿಗೆ ಕೈಹಾಕಬೇಕು, ಇಲ್ಲವಾದರೆ ಖಾಲಿಯಾದ ಗೇರ್‌ಬಾಕ್ಸಿಗೆ ಎಣ್ಣೆ ತುಂಬುವ ದಾರಿಯೇ ಇರುವುದಿಲ್ಲ. ಹಾಲಿನಂತೆ ಬೆಳ್ಳಗಿರುವ ಎಣ್ಣೆ ನೀರು ಸೇರಿರುವುದನ್ನು ಹೇಳುತ್ತದೆ. ಹಳದಿ ಹೊಳಪಿನ ಪುಡಿ ಸಿಂಕ್ರೊ ರಿಂಗು (ಗೇರ್ ಬದಲಿಸುವಾಗ ಗೇರುಗಳ ವೇಗ ಹೊಂದಿಸುವ ಉಂಗುರ) ಅಥವಾ ಕಂಚಿನ ಬುಷ್ಷು ಸವೆದಿರುವುದರ ಗುರುತು. ಅಯಸ್ಕಾಂತಕ್ಕೆ ಅಂಟುವ ನುಣುಪಾದ ಬೂದು ಕೆಸರು ಸಾಮಾನ್ಯ ಸವೆತದ್ದು, ಆದರೆ ಬೆರಳಿಗೆ ಸಿಗುವ ಚೂರುಗಳು ಬಂದರೆ ಆ ಪೆಟ್ಟಿಗೆಯನ್ನು ತೆರೆಯಲೇಬೇಕು.

ಜಾಗ, ಸಲಕರಣೆ ಮತ್ತು ಪ್ರಾಣಾಪಾಯ

ಸಲಕರಣೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಳ್ಳೆಯ ರಿಂಗ್ ಸ್ಪ್ಯಾನರುಗಳು, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಫೀಲರ್ ಗೇಜ್, ಮಲ್ಟಿಮೀಟರ್, ಗ್ರೀಸ್ ಗನ್ ಮತ್ತು ನಾಲ್ಕು ಗಟ್ಟಿಮುಟ್ಟಾದ ಆಕ್ಸಲ್ ಸ್ಟ್ಯಾಂಡ್ ಇದ್ದರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಜೀಪು ಮತ್ತು ಲ್ಯಾಂಡ್ ರೋವರುಗಳಲ್ಲಿ ಇಂಚಿನ ಅಳತೆಯ ಬೋಲ್ಟುಗಳೇ ಹೆಚ್ಚು. ಬ್ರಿಟಿಷ್ ವಾಹನಗಳಲ್ಲಿ ಹಳೆಯ ಬ್ರಿಟಿಷ್ ಥ್ರೆಡ್ಡುಗಳೂ ಬರುತ್ತವೆ. ಹತ್ತಿರದ ಮೆಟ್ರಿಕ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟಿನ ಮೂಲೆಗಳು ಉರುಟಾಗುತ್ತವೆ. ವಿಲ್ಲೀಸ್ ಎಂಬಿಯ ಎಡಗಡೆಯ ಚಕ್ರಗಳ ನಟ್ಟುಗಳಿಗೆ ಎಡಗೈ ಥ್ರೆಡ್ ಇರುತ್ತದೆಂಬುದನ್ನು ತಿಳಿಯದವರು ಸ್ಟಡ್ಡುಗಳನ್ನೇ ಮುರಿದು ಹಾಕುತ್ತಾರೆ.

ಅಪಾಯದ ವಿಷಯದಲ್ಲಿ ಮಾತ್ರ ವಿವರವಾಗಿಯೇ ಹೇಳಬೇಕು. ಜೀಪುಗಳಲ್ಲಿ ಮತ್ತು ಲ್ಯಾಂಡ್ ರೋವರ್ ಸೀರೀಸ್ ವಾಹನಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರಗಳಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಶಾಫ್ಟಿನ ಮೇಲೆ. ಹಿಂದಿನ ಒಂದೇ ಚಕ್ರವನ್ನು ಜ್ಯಾಕಿನಿಂದ ಎತ್ತಿದ ಕ್ಷಣ, ಡಿಫರೆನ್ಷಿಯಲ್ಲಿನ ಕಾರಣದಿಂದ ನೆಲದ ಮೇಲಿರುವ ಚಕ್ರ ಒಂದು ದಿಕ್ಕಿಗೂ ಗಾಳಿಯಲ್ಲಿರುವ ಚಕ್ರ ವಿರುದ್ಧ ದಿಕ್ಕಿಗೂ ತಿರುಗಬಲ್ಲವು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ ವಾಹನ ಜ್ಯಾಕಿನಿಂದ ಉರುಳಿ ಬೀಳುತ್ತದೆ. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಇಡದೆ ಜ್ಯಾಕನ್ನು ಮುಟ್ಟಲೇಬಾರದು, ಮತ್ತು ಸ್ಟ್ಯಾಂಡಿನ ಮೇಲೆ ಕೂತಿರದ ವಾಹನದ ಕೆಳಗೆ ಒಂದು ನಿಮಿಷಕ್ಕೂ ಹೋಗಬಾರದು.

ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು ಮತ್ತು ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಡ್ರಮ್ಮಿನೊಳಗಿನ ಧೂಳನ್ನು ಗಾಳಿಯ ಪೈಪಿನಿಂದ ಊದಬೇಡಿ, ಒಣ ಬ್ರಷ್ಷಿನಿಂದ ಉಜ್ಜಬೇಡಿ. ನೀರಿನಿಂದ ತೋಯಿಸಿ, ಸರಿಯಾದ ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಎರಡು ಹೋಳುಗಳನ್ನು ಬೋಲ್ಟಿನಿಂದ ಜೋಡಿಸಿದ ಮಿಲಿಟರಿ ಮಾದರಿಯ ರಿಮ್ಮುಗಳಲ್ಲಿ ಟ್ಯೂಬಿನ ಗಾಳಿಯನ್ನು ವಾಲ್ವಿನ ತಿರುಳು ತೆಗೆದು ಪೂರ್ತಿ ಬಿಡುವ ಮೊದಲು ಆ ಬೋಲ್ಟುಗಳನ್ನು ಸಡಿಲಿಸಿದರೆ ರಿಮ್ ಸಿಡಿದು ಪ್ರಾಣವನ್ನೇ ತೆಗೆಯಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆದ ಭಾಗಕ್ಕೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಪೆಟ್ರೋಲ್ ಟ್ಯಾಂಕ್ ಖಾಲಿಯಾಗಿ ವರ್ಷಗಳಾಗಿದ್ದರೂ ಅದರೊಳಗಿನ ಆವಿ ಸ್ಫೋಟಿಸಬಲ್ಲದು, ಆದ್ದರಿಂದ ಟ್ಯಾಂಕಿನ ವೆಲ್ಡಿಂಗನ್ನು ಮನೆಯಲ್ಲಿ ಮಾಡಬೇಡಿ.

ಮೊದಲ ಕೆಲಸ ಬ್ರೇಕ್

ಹಳೆಯ ವಾಹನಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕ್, ಅದಕ್ಕೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಅಂದರೆ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಇದೇ ಕಾರಣಕ್ಕೆ ಇಲ್ಲಿ ಅರೆಬರೆ ದುರಸ್ತಿಗೆ ಜಾಗವಿಲ್ಲ: ಎಲ್ಲಾ ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರು, ರಬ್ಬರ್ ಹೋಸು ಮತ್ತು ಉಕ್ಕಿನ ಪೈಪುಗಳನ್ನು ಒಂದೇ ಸಲಕ್ಕೆ ಮುಗಿಸುವುದು ಸರಿಯಾದ ದಾರಿ. ಪೈಪುಗಳಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹದ್ದನ್ನು ಬಳಸಿದರೆ ತುಕ್ಕಿನ ಚಿಂತೆ ತಪ್ಪುತ್ತದೆ, ಬಾಗಿಸುವುದೂ ಸುಲಭ.

ರಬ್ಬರ್ ಹೋಸುಗಳ ಬಗ್ಗೆ ವಿಶೇಷ ಗಮನ ಬೇಕು. ಹೊರಗೆ ಬಿರುಕಿಲ್ಲದ ಹೋಸು ಕೂಡ ಒಳಗೆ ಉಬ್ಬಿ, ದ್ರವವನ್ನು ಚಕ್ರದ ಕಡೆಗೆ ಬಿಟ್ಟು ಹಿಂದಕ್ಕೆ ಬಿಡದ ಸ್ಥಿತಿಗೆ ಬಂದಿರುತ್ತದೆ. ಆಗ ಬ್ರೇಕ್ ಒತ್ತಿ ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡೇ ಇರುತ್ತದೆ, ಡ್ರಮ್ ಬಿಸಿಯಾಗುತ್ತದೆ. ಎಷ್ಟೋ ಜನ ಇದನ್ನು ಅಡ್ಜಸ್ಟರ್ ದೋಷವೆಂದು ತಿಳಿದು ಡ್ರಮ್ಮಿಗೆ ಒತ್ತುವ ಬ್ರೇಕ್ ಶೂಗಳನ್ನೇ ಮತ್ತೆ ಮತ್ತೆ ಬಿಚ್ಚುತ್ತಾರೆ. ಚಕ್ರದ ಬಳಿಯ ಬ್ಲೀಡರ್ (ಗಾಳಿ ಬಿಡುವ ತಿರುಪು) ಸಡಿಲಿಸಿದಾಗ ಚಕ್ರ ಬಿಡುಗಡೆಯಾಗಿ, ಹೋಸಿನ ಮೇಲ್ತುದಿಯ ಕೂಡುನಟ್ ಸಡಿಲಿಸಿದಾಗ ಬಿಡುಗಡೆಯಾಗದಿದ್ದರೆ ತಪ್ಪು ಹೋಸಿನದ್ದೇ.

ವೀಲ್ ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗುಳಿಗಳಿದ್ದರೆ ಉಜ್ಜಿ ಹೊಸ ರಬ್ಬರ್ ಹಾಕುವುದರಿಂದ ಪ್ರಯೋಜನವಿಲ್ಲ; ಸಿಲಿಂಡರನ್ನೇ ಬದಲಿಸಬೇಕು, ಇಲ್ಲವೇ ಒಳಗೆ ತೆಳು ಲೋಹದ ಕೊಳವೆ (ಸ್ಲೀವ್) ಹಾಕಿಸಬೇಕು. ಡ್ರಮ್ಮಿನ ಒಳವ್ಯಾಸವನ್ನು ಅಳೆದು, ತಯಾರಕರು ಹೇಳಿದ ಗರಿಷ್ಠ ಮಿತಿ ದಾಟಿಲ್ಲವೆಂದು ನೋಡಿಕೊಂಡ ಮೇಲೆಯೇ ಲೇತಿಗೆ ಕೊಡಿ. ಎಣ್ಣೆ ಹೀರಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದೋ ಸುಟ್ಟೋ ಸರಿಮಾಡುತ್ತೇವೆಂಬುದು ಹಳೆಯ ರೂಢಿ. ಅದು ಕೆಲವೇ ದಿನ ಬಾಳುತ್ತದೆ. ಲೈನಿಂಗ್ ಬದಲಿಸುವ ಮೊದಲು ಎಣ್ಣೆ ಎಲ್ಲಿಂದ ಬಂತೆಂದು ಹುಡುಕಿ, ಹಬ್ಬಿನ ಆಯಿಲ್ ಸೀಲನ್ನೂ ಬದಲಿಸಬೇಕು, ಮತ್ತು ಒಂದೇ ಆಕ್ಸಲ್ಲಿನ ಎರಡೂ ಬದಿಗೆ ಹೊಸ ಶೂ ಹಾಕಬೇಕು.

ಬ್ರೇಕ್ ದ್ರವ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 3 ದ್ರವದ ಕನಿಷ್ಠ ಕುದಿಬಿಂದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 140. ಡಾಟ್ 4ರದ್ದು 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಹಳೆಯ ದ್ರವ ಕುದ್ದು ಪೆಡಲ್ ನೆಲಕ್ಕೆ ಇಳಿಯುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸಿ, ತೆರೆದಿಟ್ಟ ಡಬ್ಬಿಯ ದ್ರವ ಬಳಸಬೇಡಿ, ಸಿಲಿಕೋನ್ ಮೂಲದ ಡಾಟ್ 5ನ್ನು ಇವುಗಳೊಂದಿಗೆ ಬೆರೆಸಬೇಡಿ. ಗಾಳಿ ತೆಗೆಯುವಾಗ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಬೇಕು. ಅದಕ್ಕೂ ಮೊದಲು ಎಲ್ಲಾ ಶೂಗಳನ್ನು ಡ್ರಮ್ಮಿಗೆ ತಾಗುವಂತೆ ಹೊಂದಿಸಿಕೊಂಡರೆ ಪೆಡಲ್ ಬೇಗ ಗಟ್ಟಿಯಾಗುತ್ತದೆ. ಪೆಡಲ್ ಮತ್ತು ಮಾಸ್ಟರ್ ಸಿಲಿಂಡರ್ ಪಿಸ್ಟನ್ ನಡುವೆ ಕೈಪಿಡಿ ಹೇಳಿದಷ್ಟು ಸಡಿಲ ಇರಲೇಬೇಕು. ಅದು ಇಲ್ಲದಿದ್ದರೆ ದ್ರವ ಹಿಂದಿರುಗುವ ಕಿಂಡಿ ಮುಚ್ಚಿಕೊಂಡು, ಓಡುತ್ತಾ ಓಡುತ್ತಾ ನಾಲ್ಕೂ ಚಕ್ರಗಳು ತಾವಾಗಿಯೇ ಹಿಡಿದುಕೊಳ್ಳುತ್ತವೆ.

ಸ್ಟೀರಿಂಗ್ ಮತ್ತು ಮುಂದಿನ ಆಕ್ಸಲ್

ಒಂದು ನಿರ್ದಿಷ್ಟ ವೇಗದಲ್ಲಿ, ಸಾಮಾನ್ಯವಾಗಿ ರಸ್ತೆಯ ಗುಂಡಿಯೊಂದನ್ನು ದಾಟಿದಾಗ, ಸ್ಟೀರಿಂಗ್ ಚಕ್ರ ಕೈಯಿಂದ ಕಿತ್ತುಕೊಳ್ಳುವಂತೆ ಹೊಡೆದಾಡುವುದು ಗಟ್ಟಿ ಆಕ್ಸಲ್ಲಿನ ವಾಹನಗಳ ಪ್ರಸಿದ್ಧ ದೋಷ. ಇದಕ್ಕೆ ಸ್ಟೀರಿಂಗ್ ಡ್ಯಾಂಪರ್ ಹಾಕಿ ಮುಚ್ಚುವುದು ಸುಲಭ, ಆದರೆ ಡ್ಯಾಂಪರ್ ದೋಷವನ್ನು ಅಡಗಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಮೂಲ ಕಾರಣ ಹೆಚ್ಚಾಗಿ ಸಣ್ಣ ಸಣ್ಣ ಸಡಿಲಗಳ ಮೊತ್ತ.

ಹುಡುಕುವ ವಿಧಾನ ಹೀಗೆ. ಮೊದಲು ವಾಹನ ನೆಲದ ಮೇಲೆ ನಿಂತಿರುವಾಗಲೇ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಲಿ, ಇನ್ನೊಬ್ಬರು ಪ್ರತಿಯೊಂದು ಬಾಲ್ ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಲಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ. ಬಳಿಕ ಮುಂದಿನ ಆಕ್ಸಲ್ಲನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ದೋಷ ವೀಲ್ ಬೇರಿಂಗಿನದ್ದೋ ಕಿಂಗ್‌ಪಿನ್ನಿನದ್ದೋ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಎಂದು ಬೇರ್ಪಡಿಸಲು ಮತ್ತೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ: ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ಅದು ಬೇರಿಂಗ್, ಹಾಗೆಯೇ ಉಳಿದರೆ ಕಿಂಗ್‌ಪಿನ್.

ಕಿಂಗ್‌ಪಿನ್ ಬೇರಿಂಗುಗಳಿಗೆ ಸಡಿಲ ಇರಬಾರದು. ಒಂದಿಷ್ಟು ಪೂರ್ವಬಿಗಿತ ಇರಬೇಕು. ಹಳೆಯ ಬೇರಿಂಗಿನ ತಟ್ಟೆಯಲ್ಲಿ ರೋಲರುಗಳು ಒತ್ತಿ ಗೆರೆಗಳಾಗಿದ್ದರೆ ಬೇರಿಂಗ್ ಬದಲಿಸಿ, ಶಿಮ್ಮುಗಳನ್ನು (ತೆಳು ಲೋಹದ ಬಿಲ್ಲೆಗಳು) ಒಂದೊಂದಾಗಿ ತೆಗೆಯುತ್ತಾ ಬಿಗಿತ ಹೊಂದಿಸಬೇಕು. ಆಯಿಲ್ ಸೀಲ್ ಮತ್ತು ಟೈ ರಾಡ್ ಕಳಚಿಟ್ಟು, ಸ್ಟೀರಿಂಗ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ಬರುವ ತೂಕ ಕೈಪಿಡಿಯ ಅಂಕಿಗೆ ಹೊಂದಬೇಕು. ತಾಳ್ಮೆ ಬೇಡುವ ಕೆಲಸ ಇದು, ಆದರೆ ಇಡೀ ವಾಹನದಲ್ಲಿ ಓಡಿಸುವವರ ಕೈಗೆ ಇಷ್ಟು ನೇರವಾಗಿ ಫಲ ಕೊಡುವ ಕೆಲಸ ಮತ್ತೊಂದಿಲ್ಲ. ವೀಲ್ ಬೇರಿಂಗಿನ ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಆಮೇಲೆ ಕೈಪಿಡಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು, ಲಾಕ್ ವಾಶರನ್ನು ಮಡಿಸಬೇಕು.

ಆಕ್ಸಲ್ಲಿನ ತುದಿಯ ಗೋಳಾಕಾರದ ಹೌಸಿಂಗಿನ ಮೇಲ್ಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತದೆ. ಸಣ್ಣ ಗುಳಿಗಳನ್ನು ಎಪಾಕ್ಸಿಯಿಂದ ತುಂಬಿ ನಯಗೊಳಿಸಬಹುದು. ದೊಡ್ಡವಾದರೆ ಗೋಳವನ್ನೇ ಬದಲಿಸಬೇಕು. ಎಲ್ಲ ಸಡಿಲವನ್ನೂ ತೆಗೆದ ಬಳಿಕವೇ ಚಕ್ರಗಳ ಟೋ-ಇನ್ ನೋಡಿ. ಇಂಥ ವಾಹನಗಳಲ್ಲಿ ಮುಂಭಾಗ ಹಿಂಭಾಗಕ್ಕಿಂತ 1ರಿಂದ 3 ಮಿ.ಮೀ. ಕಿರಿದಾಗಿರುವುದು ಸಾಮಾನ್ಯ.

ಕಮಾನು ಪಟ್ಟಿಗಳ ವಿಷಯ ಚಿಕ್ಕದು. ಮುರಿದ ಪಟ್ಟಿ, ಸವೆದ ಬುಷ್ಷು ಮತ್ತು ಶಾಕಲ್ ಪಿನ್ನುಗಳನ್ನು ಬದಲಿಸಿ. ಒಮ್ಮೆ ಪೂರ್ತಿ ಬಿಗಿದ ಯು-ಬೋಲ್ಟ್ ಹಿಗ್ಗಿರುತ್ತದೆ, ಮತ್ತೆ ಬಳಸಬಾರದು. ರಬ್ಬರ್ ಬುಷ್ಷಿನ ಬೋಲ್ಟುಗಳ ಕೊನೆಯ ಬಿಗಿತವನ್ನು ವಾಹನದ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕೊಡಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಗೇರ್‌ಬಾಕ್ಸಿನಿಂದ ಚಕ್ರದವರೆಗೆ

ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವ ಮೊದಲು ಜಾರುವ ಜೋಡಿನ ಎರಡೂ ಭಾಗಗಳ ಮೇಲೆ ಬಣ್ಣದಿಂದ ಗೆರೆ ಎಳೆಯಿರಿ. ಶಾಫ್ಟಿನ ಎರಡು ತುದಿಗಳ ಯೋಕುಗಳು ಒಂದೇ ಸಮತಲದಲ್ಲಿರಬೇಕು. ಒಂದು ಹಲ್ಲು ಆಚೀಚೆ ಸೇರಿಸಿದರೂ ನಡುಕ ಹುಟ್ಟುತ್ತದೆ, ಮತ್ತು ಆ ನಡುಕಕ್ಕೆ ಜನ ಯು.ಜೆ. (ಯೂನಿವರ್ಸಲ್ ಜಾಯಿಂಟ್) ಕ್ರಾಸುಗಳನ್ನು ವೃಥಾ ಬದಲಿಸುತ್ತಾರೆ.

ಗೇರ್ ಎಣ್ಣೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಜಿಎಲ್-5 ದರ್ಜೆಯ ಎಣ್ಣೆಯಲ್ಲಿ ಗಂಧಕ-ರಂಜಕದ ಸೇರ್ಪಡೆಗಳು ಹೆಚ್ಚಿರುವುದರಿಂದ ಹಳೆಯ ಗೇರ್‌ಬಾಕ್ಸುಗಳ ಹಿತ್ತಾಳೆ ಮತ್ತು ಕಂಚಿನ ಸಿಂಕ್ರೊ ರಿಂಗುಗಳಿಗೆ ಅದು ಹಾನಿ ಮಾಡಬಲ್ಲದು. ಅಂಥ ಪೆಟ್ಟಿಗೆಗೆ ಜಿಎಲ್-4 ಸೂಕ್ತ. ಆದರೆ ಹೈಪಾಯ್ಡ್ (ಒಂದರ ಮೇಲೊಂದು ಜಾರುತ್ತಾ ಕೂಡುವ) ಹಲ್ಲುಗಳ ಡಿಫರೆನ್ಷಿಯಲ್ಲಿಗೆ ಜಿಎಲ್-5ರ ರಕ್ಷಣೆಯೇ ಬೇಕು. ಒಂದೇ ಡಬ್ಬಿಯಿಂದ ಎಲ್ಲ ಕಡೆಗೂ ಸುರಿಯುವ ಅಭ್ಯಾಸವನ್ನು ಬಿಡಬೇಕು. ವಿಲ್ಲೀಸ್ ಮಾದರಿಯಲ್ಲಿ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ನಡುವಿನ ಸೀಲ್ ಸವೆದರೆ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಒಂದು ಪೆಟ್ಟಿಗೆ ಒಣಗಿ ಇನ್ನೊಂದು ತುಂಬಿ ತುಳುಕುವುದರಿಂದ ಎರಡರ ಮಟ್ಟವನ್ನೂ ಒಟ್ಟಿಗೇ ನೋಡಬೇಕು.

ಸೀಲ್ ಬದಲಿಸಿದರೂ ಸೋರುತ್ತಿದ್ದರೆ ಮೊದಲು ನೋಡಬೇಕಾದದ್ದು ಆಕ್ಸಲ್ಲಿನ ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ. ಕೆಸರಿನಿಂದ ಅದು ಮುಚ್ಚಿದರೆ ಒಳಗಿನ ಬಿಸಿಗಾಳಿ ಎಣ್ಣೆಯನ್ನು ಸೀಲುಗಳ ಮೂಲಕ ಹೊರಗೆ ತಳ್ಳುತ್ತದೆ. ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಅದೇ ಸೀಲುಗಳ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಈ ವಾಹನಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ನಡು ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕಾಗುವುದರಿಂದ ಡಾಂಬರಿನ ಮೇಲೆ ಫೋರ್-ವೀಲ್ ಹಾಕಿ ಓಡಿಸಿದರೆ ಶಾಫ್ಟುಗಳು ತಿರುಚಿಕೊಂಡು ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ. ದುರಸ್ತಿಯ ಬಳಿಕ ಪರೀಕ್ಷಿಸುವುದೂ ಮಣ್ಣಿನ ಮೇಲೆಯೇ ಆಗಬೇಕು. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕೆಂಬುದಕ್ಕೂ ಇದೇ ಕಾರಣ.

ಎಂಜಿನ್

ವರ್ಷಗಟ್ಟಲೆ ನಿಂತ ಎಂಜಿನನ್ನು ಸ್ಟಾರ್ಟರಿನಿಂದ ತಿರುಗಿಸಲು ಹೋಗಬಾರದು. ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ, ಕೆಲವು ದಿನ ಬಿಟ್ಟು, ಕೈಯಿಂದ ಅಥವಾ ಕ್ರ್ಯಾಂಕ್ ನಟ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ತಿರುಗದಿದ್ದರೆ ಬಲ ಹೆಚ್ಚಿಸುವ ಬದಲು ಇನ್ನಷ್ಟು ದಿನ ಕಾಯಬೇಕು. ಸೈಡ್ ವಾಲ್ವ್ ಎಂಜಿನ್‌ಗಳಲ್ಲಿ (ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವವು) ಪಿಸ್ಟನ್ನಿಗಿಂತ ವಾಲ್ವುಗಳೇ ಗೈಡಿನಲ್ಲಿ ತುಕ್ಕು ಹಿಡಿದು ನಿಂತಿರುವುದುಂಟು. ಪಕ್ಕದ ಮುಚ್ಚಳ ತೆಗೆದರೆ ಅದು ಕಣ್ಣಿಗೇ ಕಾಣುತ್ತದೆ.

ತಿರುಗುತ್ತದೆಯೆಂದಾದರೆ ಎಣ್ಣೆ ಬದಲಿಸಿ, ಪ್ಲಗ್ಗುಗಳಿಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ ಆಯಿಲ್ ಗೇಜಿನಲ್ಲಿ ಒತ್ತಡ ಏರುವುದನ್ನು ನೋಡಿ. ಆಮೇಲೆ ಕಂಪ್ರೆಶನ್ ಪರೀಕ್ಷೆ: ಥ್ರಾಟಲ್ ಪೂರ್ತಿ ತೆರೆದು, ಎಲ್ಲ ಪ್ಲಗ್ಗುಗಳನ್ನೂ ತೆಗೆದು, ಪ್ರತಿ ಸಿಲಿಂಡರಿಗೂ ಸಮಾನ ಸುತ್ತು ತಿರುಗಿಸಬೇಕು. ಒಂದೊಂದು ಅಂಕಿ ಎಷ್ಟಿದೆ ಎಂಬುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ; ಶೇಕಡಾ 10ರೊಳಗೆ ಇದ್ದರೆ ಉತ್ತಮ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ನೋಡಿದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಕ್ಕಪಕ್ಕದ ಎರಡೂ ಸಮಾನವಾಗಿ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಫಲಿತಾಂಶ ಸಮಾಧಾನಕರವಾಗಿದ್ದರೆ ಎಂಜಿನ್ ತೆರೆಯಬೇಡಿ ಎಂಬುದೇ ನನ್ನ ಸಲಹೆ. ಕೊಂಚ ಹೊಗೆ ಬಿಡುವ, ಒತ್ತಡ ಸರಿಯಿರುವ ಹಳೆಯ ಎಂಜಿನ್, ಮನೆಯಲ್ಲಿ ಅವಸರದಲ್ಲಿ ಜೋಡಿಸಿದ ಹೊಸ ರಿಂಗಿನ ಎಂಜಿನ್‌ಗಿಂತ ಹೆಚ್ಚು ಕಾಲ ನಂಬಿಕೆಯಿಂದ ಓಡುತ್ತದೆ.

ಆಮೇಲೆ ಟ್ಯೂನಿಂಗ್, ಅದಕ್ಕೂ ಕ್ರಮವಿದೆ: ಮೊದಲು ಟ್ಯಾಪೆಟ್ (ವಾಲ್ವಿನ ಸಡಿಲ ಅಂತರ), ಬಳಿಕ ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಸಂಪರ್ಕ) ಮತ್ತು ಟೈಮಿಂಗ್ (ಕಿಡಿ ಹಾರುವ ಕ್ಷಣ), ಕೊನೆಗೆ ಕಾರ್ಬ್ಯುರೇಟರ್. ಲ್ಯಾಂಡ್ ರೋವರಿನ 2.25 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಟ್ಯಾಪೆಟ್ ಅಂತರ 0.25 ಮಿ.ಮೀ. ಅದರ ಎಂಟು ವಾಲ್ವುಗಳಿಗೆ ಒಂಬತ್ತರ ಲೆಕ್ಕ ಅನುಕೂಲ: ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಆಗ ಹೊಂದಿಸಬೇಕಾದ ವಾಲ್ವ್ ಸಿಗುತ್ತದೆ, ಅಂದರೆ ಒಂದನೆಯದು ತೆರೆದಾಗ ಎಂಟನೆಯದು, ಮೂರನೆಯದು ತೆರೆದಾಗ ಆರನೆಯದು. ವಿಲ್ಲೀಸ್ ಎಂಬಿಯ 2.2 ಲೀಟರ್ ಎಂಜಿನ್‌ನಲ್ಲಿ ಪಾಯಿಂಟ್ ಅಂತರ 0.5 ಮಿ.ಮೀ., ಪ್ಲಗ್ ಅಂತರ 0.76 ಮಿ.ಮೀ., ಉರಿಯುವ ಕ್ರಮ 1-3-4-2. ಕಾರ್ಬ್ಯುರೇಟರಿನದೆಂದು ದೂರುವ ಎಷ್ಟೋ ದೋಷಗಳು ಪಾಯಿಂಟಿನ ಜೊತೆಗಿರುವ ಕಂಡೆನ್ಸರಿನಲ್ಲಿ ಸಿಗುತ್ತವೆ.

ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪು ಮತ್ತು ಫ್ಯುಯೆಲ್ ಪಂಪಿನ ಡಯಾಫ್ರಂಗಳನ್ನು ಕೆಡಿಸುತ್ತದೆ. ಎಥನಾಲ್ ತಡೆದುಕೊಳ್ಳುವ ಪೈಪು ಮತ್ತು ಡಯಾಫ್ರಂ ಹಾಕಿ. ಡಯಾಫ್ರಂ ಹರಿದರೆ ಪೆಟ್ರೋಲ್ ನೇರವಾಗಿ ಎಂಜಿನ್ ಎಣ್ಣೆಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಚಾಲೂ ಮಾಡದೆ ಎಣ್ಣೆ ಇಳಿಸಬೇಕು. ರೇಡಿಯೇಟರನ್ನು ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವಾಗ ಬ್ಲಾಕಿನ ಡ್ರೈನ್ ನಲ್ಲಿಯನ್ನೂ ತೆರೆಯಿರಿ, ಏಕೆಂದರೆ ಹಿಂದಿನ ಸಿಲಿಂಡರುಗಳ ಸುತ್ತ ದಶಕಗಳ ಕೆಸರು ಕೂತಿರುತ್ತದೆ. ಬಳಿಕ ಬರಿಯ ನೀರಲ್ಲ, ಕೂಲೆಂಟ್ ತುಂಬಬೇಕು.

ವಿದ್ಯುತ್ ವ್ಯವಸ್ಥೆಯಲ್ಲಿ ಹತ್ತಕ್ಕೆ ಎಂಟು ದೋಷಗಳು ಅರ್ಥಿಂಗಿನವು ಎಂದುಕೊಂಡೇ ಹುಡುಕಾಟ ಆರಂಭಿಸಬಹುದು. ಸ್ಟಾರ್ಟರ್ ತಿರುಗುತ್ತಿರುವಾಗ ಬ್ಯಾಟರಿಯ ಅರ್ಥ್ ಟರ್ಮಿನಲ್ ಮತ್ತು ಎಂಜಿನ್ ಬ್ಲಾಕ್ ನಡುವೆ ಮಲ್ಟಿಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಹೊಸ ಅರ್ಥ್ ಪಟ್ಟಿ ಹಾಕಬೇಕು. 6 ವೋಲ್ಟಿನ ವಾಹನಗಳಲ್ಲಿ ಅದೇ ಶಕ್ತಿಗೆ ಎರಡು ಪಟ್ಟು ಕರೆಂಟ್ ಹರಿಯುವುದರಿಂದ 12 ವೋಲ್ಟಿನ ತೆಳು ಬ್ಯಾಟರಿ ಕೇಬಲ್ ಸಾಲದು. ಹಳೆಯ ಬ್ರಿಟಿಷ್ ವಾಹನಗಳಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿ ಚಾಸಿಗೆ ಕೂಡಿರುವುದು) ಇರುವುದುಂಟು, ಬ್ಯಾಟರಿ ಕೂಡಿಸುವ ಮೊದಲು ನೋಡಿಕೊಳ್ಳಿ.

ತುಕ್ಕು, ವೆಲ್ಡಿಂಗ್, ಬಣ್ಣ

ತುಕ್ಕಿನ ಮೇಲೆ ಬಣ್ಣ ಬಳಿಯುವುದು ತುಕ್ಕನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ಅಷ್ಟೇ. ಬ್ರಾಕೆಟ್ಟು, ಹಿಡಿಕೆಯಂಥ ಸಣ್ಣ ಉಕ್ಕಿನ ಭಾಗಗಳಿಗೆ ವಿದ್ಯುದ್ವಿಭಜನೆ ಉತ್ತಮ: ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿಯನ್ನು ಭಾಗಕ್ಕೂ ಪಾಸಿಟಿವ್ ತುದಿಯನ್ನು ಹಳೆಯ ಸಾದಾ ಕಬ್ಬಿಣದ ತಗಡಿಗೂ ಕಟ್ಟಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಬೇಕು. ಸ್ಟೇನ್‌ಲೆಸ್ ಸ್ಟೀಲ್ ತಗಡು ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಹೈಡ್ರೋಜನ್ ಹುಟ್ಟುವುದರಿಂದ ತೆರೆದ ಗಾಳಿಯಲ್ಲಿ, ಬೆಂಕಿಯಿಂದ ದೂರ ಮಾಡಬೇಕು. ಅಲ್ಯೂಮಿನಿಯಂ ಭಾಗಗಳನ್ನು ಈ ತೊಟ್ಟಿಗೆ ಹಾಕಬಾರದು.

ಕೊಳೆತ ತಗಡಿನ ಮೇಲೆ ತೇಪೆ ಹಾಕದೆ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಅದೇ ದಪ್ಪದ ತಗಡು ಕೂರಿಸಬೇಕು. ಕತ್ತರಿಸುವ ಮೊದಲು ಬಾಡಿಯ ತೆರಪುಗಳಿಗೆ ಅಡ್ಡಪಟ್ಟಿ ಬೆಸೆದು ಆಕಾರ ಹಿಡಿದಿಡಿ. ಮಿಗ್ ವೆಲ್ಡರಿನಲ್ಲಿ ತೆಳು ತಗಡಿಗೆ 0.6 ಅಥವಾ 0.8 ಮಿ.ಮೀ. ತಂತಿ ಬಳಸಿ, ಒಂದೇ ಎಳೆತದಲ್ಲಿ ಎಳೆಯದೆ ದೂರ ದೂರ ಚುಕ್ಕಿ ಹಾಕುತ್ತಾ, ತಗಡು ತಣಿದ ಮೇಲೆ ನಡುವಿನ ಜಾಗಗಳನ್ನು ತುಂಬಿದರೆ ಸೊಟ್ಟಗಾಗುವುದಿಲ್ಲ. ಸತು ಲೇಪಿತ ತಗಡಾದರೆ ಲೇಪ ಉಜ್ಜಿ ತೆಗೆದ ಮೇಲೆಯೇ ಬೆಸೆಯಬೇಕು, ಅದರ ಹೊಗೆ ಜ್ವರ ತರುತ್ತದೆ. ಚಾಸಿಯ ಭಾರ ಹೊರುವ ಭಾಗಗಳ ವೆಲ್ಡಿಂಗನ್ನು ಕೈ ಪಳಗಿಲ್ಲದವರು ಮಾಡಬಾರದು.

ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಲ್ಯಾಂಡ್ ರೋವರಿನ ಬಾಡಿ ಕೂರಿಸುವಾಗ ನಡುವೆ ತಡೆಪಟ್ಟಿ ಇಟ್ಟು, ಸತು ಲೇಪಿತ ಬೋಲ್ಟ್ ಬಳಸಿ, ಜೋಡಿಗೆ ತುಕ್ಕು ತಡೆಯುವ ಪೇಸ್ಟ್ ಬಳಿಯಬೇಕು.

ಬರಿ ಲೋಹಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್ ಬಳಿಯಿರಿ, ಪುಟ್ಟಿ ಬೇಕಿದ್ದರೆ ಅದರ ಮೇಲೆ. ಬರಿ ಲೋಹದ ಮೇಲಿನ ಪುಟ್ಟಿ ತೇವ ಹೀರಿ ಕೆಳಗಿನಿಂದ ತುಕ್ಕು ಹಿಡಿಸುತ್ತದೆ. ಐಸೊಸಯನೇಟ್ ಇರುವ ಎರಡು ಘಟಕಗಳ ಬಣ್ಣಕ್ಕೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕಾಗುವುದರಿಂದ ಮನೆಯಲ್ಲಿ ಬ್ರಷ್ಷಿನಿಂದ ಬಳಿಯುವ ಎನಾಮಲ್ ಸಾಕು. ಇಂಥ ವಾಹನಕ್ಕೆ ಅದು ಒಪ್ಪುತ್ತದೆ ಕೂಡ, ಗೀರು ಬಿದ್ದ ಜಾಗಕ್ಕೆ ಮತ್ತೆ ಬಳಿಯುವುದೂ ಸುಲಭ. ಚಾಸಿಯ ಟೊಳ್ಳುಗಳೊಳಗೆ ಉದ್ದ ನಳಿಕೆಯಿಂದ ಮೇಣ ಸಿಂಪಡಿಸಿ, ನೀರು ಇಳಿಯುವ ರಂಧ್ರಗಳು ಮುಚ್ಚದಂತೆ ನೋಡಿಕೊಳ್ಳಿ.

ರಸ್ತೆಗಿಳಿದ ಮೇಲೆ

ಮೊದಲ ಓಟ ಮನೆಯ ಸುತ್ತಲಷ್ಟೇ ಇರಲಿ. ಹಿಂದಿರುಗಿ ಬಂದ ಕೂಡಲೇ ನಾಲ್ಕೂ ಡ್ರಮ್ಮುಗಳ ಬಳಿ ಅಂಗೈ ಒಯ್ದು ಬಿಸಿಯನ್ನು ಹೋಲಿಸಿ ನೋಡಿ. ಒಂದೇ ಒಂದು ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಮೊದಲ ನೂರು ಕಿಲೋಮೀಟರಿನೊಳಗೆ ಯು-ಬೋಲ್ಟ್, ಚಕ್ರದ ನಟ್ಟು, ಸ್ಟೀರಿಂಗ್ ಬಾಕ್ಸಿನ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು.

ಚಾಸಿಯ ಗ್ರೀಸ್ ನಿಪ್ಪಲ್ಲುಗಳಿಗೆ ಹಳೆಯ ಜೀಪ್ ಕೈಪಿಡಿಗಳು 1,000 ಮೈಲಿ, ಅಂದರೆ ಸುಮಾರು 1,600 ಕಿ.ಮೀ.ಗೊಮ್ಮೆ ಗ್ರೀಸ್ ಹಾಕಲು ಹೇಳುತ್ತವೆ. ಇದನ್ನು ಅತಿಯಾಯಿತೆಂದು ತಿಳಿಯಬೇಡಿ. ಹೊಸ ಗ್ರೀಸ್ ಹಳೆಯದರೊಂದಿಗೆ ನೀರನ್ನೂ ಮರಳನ್ನೂ ಹೊರಕ್ಕೆ ತಳ್ಳುತ್ತದೆ. ಆಳದ ನೀರಿನಲ್ಲಿ ಹಾದುಬಂದ ದಿನವೇ ಎಲ್ಲ ನಿಪ್ಪಲ್ಲುಗಳಿಗೂ ಗ್ರೀಸ್ ಹಾಕಿ. ಡಿಫರೆನ್ಷಿಯಲ್ ಮತ್ತು ಗೇರ್‌ಬಾಕ್ಸುಗಳ ಕೆಳಪ್ಲಗ್ಗುಗಳನ್ನು ಒಂದು ರಾತ್ರಿ ಬಿಟ್ಟು ಸ್ವಲ್ಪವೇ ಸಡಿಲಿಸಿದರೆ, ಒಳಗೆ ನೀರು ಸೇರಿದ್ದರೆ ಎಣ್ಣೆಗಿಂತ ಭಾರವಾದ ಅದೇ ಮೊದಲು ಹನಿಯುತ್ತದೆ. ಬ್ರೇಕ್ ಡ್ರಮ್ಮುಗಳಲ್ಲಿ ಕೆಸರು ಕೂತಿದ್ದರೆ ತೆರೆದು ತೊಳೆಯಬೇಕು, ಇಲ್ಲವಾದರೆ ಹೊಸ ಲೈನಿಂಗ್ ಒಂದೇ ಮಳೆಗಾಲದಲ್ಲಿ ಮುಗಿಯುತ್ತದೆ.

ತಿಂಗಳುಗಟ್ಟಲೆ ನಿಲ್ಲಿಸಿಡುವುದಾದರೆ ಕಾರ್ಬ್ಯುರೇಟರಿನ ಪೆಟ್ರೋಲನ್ನು ಓಡಿಸಿ ಖಾಲಿ ಮಾಡಿ, ಬ್ಯಾಟರಿ ಕಳಚಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಟೈರುಗಳ ಮೇಲಿನ ಭಾರ ಇಳಿಸಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನಿಂಗ್ ಡ್ರಮ್ಮಿಗೆ ಅಂಟುತ್ತದೆ. ತೇವದ ಜಾಗದಲ್ಲಿ ಕ್ಲಚ್ ಪ್ಲೇಟ್ ಕೂಡ ಫ್ಲೈವೀಲಿಗೆ ಹೀಗೆಯೇ ಅಂಟಿಕೊಳ್ಳುವುದರಿಂದ, ಮರದ ತುಂಡೊಂದನ್ನು ಸೀಟಿಗೂ ಪೆಡಲ್ಲಿಗೂ ನಡುವೆ ಸಿಕ್ಕಿಸಿ ಕ್ಲಚ್ ಒತ್ತಿರುವಂತೆ ಇಟ್ಟು, ಸ್ಟೀರಿಂಗಿಗೆ ಅದರ ಸೂಚನೆಯ ಚೀಟಿ ಕಟ್ಟಿಡಿ.